ಊರಿನ ಗ್ರಂಥಾಲಯದಲ್ಲಿ ಯುವಜನರ ಬಳಗ ಕಟ್ಟುವುದು ಹೇಗೆ?

ಸೇಡಂ, ಸುರಪುರ, ಔರಾದ್ ಕಡೆಯ ಓದುಗರು ತಿರುತಿರುಗಿ ಕೇಳುವ ಪ್ರಶ್ನೆ ಒಂದೇ: ‘ನಮ್ಮೂರಿನ ಗ್ರಂಥಾಲಯಕ್ಕೆ ಹೊಸ ಬಣ್ಣ ಬಂದಿದೆ, ಕಂಪ್ಯೂಟರೂ ಬಂದಿದೆ. ಆದರೆ ಪತ್ರಿಕೆ ಓದುವ ನಾಲ್ಕು ಹಿರಿಯರು, ಪರೀಕ್ಷೆಗೆ ಓದುವ ಕೆಲವು ಹುಡುಗರು ಬಿಟ್ಟರೆ ಯಾರೂ ಬರುವುದಿಲ್ಲ. ಯುವಕರು ಸೇರಿ ಏನಾದರೂ ಮಾಡಬಹುದೇ?’

ಮಾಡಬಹುದು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಿರುವುದು ವಾರಕ್ಕೆ ಎರಡು ಗಂಟೆ ತಪ್ಪದೆ ಬರುವ ಇಬ್ಬರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಅಷ್ಟಿಲ್ಲದಿದ್ದರೆ ಈಗಲೇ ಆರಂಭಿಸಬೇಡಿ. ಉಳಿದ ಸಾಮಾನು ಊರಲ್ಲೇ ಸಿಗುತ್ತದೆ: ಎ4 ಹಾಳೆ, ಪೆನ್ಸಿಲ್, ಕತ್ತರಿ, ಧ್ವನಿಮುದ್ರಣ ಮಾಡಬಲ್ಲ ಒಂದು ಮೊಬೈಲ್, ಒಂದು ದಪ್ಪ ನೋಟ್‌ಬುಕ್.

ಒಂದು ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಊರಿನ ಮಕ್ಕಳ ಕೈಯಿಂದ ಆದ ಏನಾದರೊಂದು ಗ್ರಂಥಾಲಯದ ಕಪಾಟಿನಲ್ಲಿ ಉಳಿದಿರಬೇಕು. ಶಾಲು, ಹಾರ, ಫೋಟೊ ಮಾತ್ರ ಉಳಿದರೆ ಅದು ಸಮಾರಂಭ. ನಮ್ಮ ಕಡೆ ಸಮಾರಂಭಗಳಿಗೇನೂ ಬರವಿಲ್ಲ.

1. ಗ್ರಂಥಾಲಯ ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಿ

ಬಹಳಷ್ಟು ಅರ್ಜಿಗಳು ದಾರಿ ತಪ್ಪುವುದು ಇಲ್ಲೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅವುಗಳ ಫಲಕದ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಇಲ್ಲಿ ನೀವು ಕಾಣಬೇಕಾದವರು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಕಲಬುರಗಿಯ ನಗರ ಕೇಂದ್ರ ಗ್ರಂಥಾಲಯ, ಬೀದರ್ ಮತ್ತು ಯಾದಗಿರಿಯ ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಇವೆ. ಅಲ್ಲಿ ಅರ್ಜಿಯನ್ನು ಗ್ರಂಥಾಲಯದ ಮುಖ್ಯಸ್ಥರಿಗೇ ಕೊಡಬೇಕು.

ಅರ್ಜಿಗೂ ಮುಂಚೆ ಮಾತನಾಡಬೇಕಾದವರು ಮೇಲ್ವಿಚಾರಕರು. ಬಾಗಿಲು ತೆಗೆಯುವವರು, ಪುಸ್ತಕ ಕಳೆದರೆ ಉತ್ತರ ಕೊಡುವವರು ಅವರೇ. ‘ಇಲ್ಲಿ ಏನೂ ನಡೆಯುತ್ತಿಲ್ಲ, ನಾವು ನಡೆಸಿ ತೋರಿಸುತ್ತೇವೆ’ ಎಂಬ ಧಾಟಿಯಲ್ಲಿ ಹೋದರೆ ಕೆಲಸ ಅಂದೇ ಕೆಟ್ಟಿತು. ‘ನಿಮಗೆ ಯಾವ ದಿನ ಅನುಕೂಲ?’ ಎಂದು ಕೇಳಿ ನೋಡಿ.

2. ಒಂದು ವಾರ ಸುಮ್ಮನೆ ಕುಳಿತು ನೋಡಿ

ಏನನ್ನೂ ಯೋಜಿಸದೆ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಒಂದೊಂದು ಗಂಟೆ ಗ್ರಂಥಾಲಯದಲ್ಲಿ ಕುಳಿತುಕೊಳ್ಳಿ. ಯಾರು ಬರುತ್ತಾರೆ, ಯಾರು ಬಾಗಿಲವರೆಗೆ ಬಂದು ಹಿಂತಿರುಗುತ್ತಾರೆ ಎಂದು ಬರೆದುಕೊಳ್ಳಿ. ವಿದ್ಯುತ್ ಯಾವಾಗ ಹೋಗುತ್ತದೆ? ಫ್ಯಾನ್ ಎಲ್ಲಿದೆ? ಕುಡಿಯುವ ನೀರು ಇದೆಯೇ? ಶೌಚಾಲಯ ಇದ್ದರೆ ಅದರ ಕೀಲಿ ಯಾರ ಬಳಿ ಇದೆ? ಹುಡುಗಿಯರು ಬರುವುದು ಬಿಡುವುದು ಎಷ್ಟೋ ಸಲ ನಿಂತಿರುವುದು ಈ ಕೊನೆಯ ಪ್ರಶ್ನೆಯ ಮೇಲೆ.

ಆ ವಾರದಲ್ಲಿ ನಿಮಗೆ ಖಂಡಿತ ಕಾಣುವ ಸಂಗತಿಯೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಪಿಎಸ್‌ಐ, ಪಿಡಿಒ, ಶಿಕ್ಷಕರ ನೇಮಕಾತಿ ಎಂದು ಬೆಳಿಗ್ಗೆಯಿಂದ ಸಂಜೆವರೆಗೆ ತಲೆ ತಗ್ಗಿಸಿ ಕುಳಿತಿರುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಬಂದ ಮೇಲೆ ಈ ಓದಿಗೆ ಇನ್ನಷ್ಟು ಆಸೆ ಸೇರಿಕೊಂಡಿದೆ. ಅವರಿಗೆ ಮೌನ ಬೇಕು, ನಿಮ್ಮ ಬಳಗಕ್ಕೆ ಗದ್ದಲ ಬೇಕು. ಈ ತಕರಾರನ್ನು ಮೊದಲೇ ಬಗೆಹರಿಸದಿದ್ದರೆ ಎರಡನೇ ವಾರಕ್ಕೆ ದೂರು ಪಂಚಾಯಿತಿ ಮುಟ್ಟುತ್ತದೆ. ಮೂರು ದಾರಿಗಳಿವೆ: ಗದ್ದಲದ ಕೆಲಸವನ್ನು ವರಾಂಡಕ್ಕೆ ಅಥವಾ ಪಕ್ಕದ ಶಾಲೆಯ ಕೋಣೆಗೆ ಒಯ್ಯಿರಿ, ಅಥವಾ ‘ಭಾನುವಾರ ಬೆಳಿಗ್ಗೆ ಎರಡು ಗಂಟೆ ಇಲ್ಲಿ ಮಾತು ಇರುತ್ತದೆ’ ಎಂದು ಗೋಡೆಗೆ ಬರೆದು ಅಂಟಿಸಿ, ಅಥವಾ ಅವರನ್ನೇ ಒಳಗೆ ಸೇರಿಸಿಕೊಳ್ಳಿ. ಮೂರನೆಯದು ನನಗೆ ಹೆಚ್ಚು ಇಷ್ಟ. ಪಿಡಿಒ ಪರೀಕ್ಷೆಗೆ ಓದುವವರಿಗೆ ಪಂಚಾಯತ್ ರಾಜ್ ಕಾಯ್ದೆ ಬಾಯಿಪಾಠವಾಗಿರುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿ ಮಕ್ಕಳ ಗ್ರಾಮ ಸಭೆ ನಡೆಸುತ್ತದಲ್ಲ, ಅದಕ್ಕೆ ಮಕ್ಕಳನ್ನು ತಯಾರು ಮಾಡಲು ಇವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

3. ಒಂದೇ ಪುಟದ ಅರ್ಜಿ ಕೊಡಿ

ಅರ್ಜಿಯಲ್ಲಿ ಐದು ಸಂಗತಿ ಸಾಕು: ಯಾವ ದಿನ, ಎಷ್ಟು ಹೊತ್ತು, ಯಾವ ವಯಸ್ಸಿನವರು, ಜವಾಬ್ದಾರಿ ಯಾರದು, ಗ್ರಂಥಾಲಯಕ್ಕೆ ಏನು ಉಳಿಯುತ್ತದೆ. ಅವಧಿ ಮೂರು ತಿಂಗಳು ಎಂದು ಬರೆಯಿರಿ. ‘ಶಾಶ್ವತವಾಗಿ’ ಎಂದರೆ ಅಧಿಕಾರಿಗಳು ಹಿಂಜರಿಯುತ್ತಾರೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೂರಬೇಡಿ. ಪಿಡಿಒ ವರ್ಗವಾದ ದಿನ ಅದೂ ಅವರ ಜೊತೆ ಹೋಗುತ್ತದೆ.

2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವವಿದೆ. ‘ಬಳಗಕ್ಕೆ ಬರುವ ಮಕ್ಕಳೆಲ್ಲರ ಸದಸ್ಯತ್ವ ಮಾಡಿಸುತ್ತೇವೆ’ ಎಂಬ ಒಂದು ಸಾಲನ್ನು ಅರ್ಜಿಗೆ ಸೇರಿಸಿ. ಮೇಲ್ವಿಚಾರಕರಿಗೂ ಅದರಿಂದ ಅನುಕೂಲ.

4. ಒಂದೇ ಕೆಲಸ ಆರಿಸಿಕೊಳ್ಳಿ

ಚಿತ್ರಕಲೆ, ನಾಟಕ, ಚೆಸ್, ಕೋಡಿಂಗ್ ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಯಾವುದೂ ಮೂರನೇ ವಾರ ಕಾಣುವುದಿಲ್ಲ. ನನ್ನ ಸಲಹೆ ಎರಡರಲ್ಲಿ ಒಂದು.

*ಅ) ಒಂದು ಹಾಳೆಯ ಕಿರುಪುಸ್ತಿಕೆ.* ಇಂಥದ್ದಕ್ಕೆ ಬೇರೆ ಕಡೆ ‘ಝೀನ್’ ಎನ್ನುತ್ತಾರೆ. ಬರೆದವರೇ ಮಡಚಿ, ನಕಲು ಮಾಡಿ ಹಂಚುವ ಪುಟ್ಟ ಪುಸ್ತಕ. ಒಂದೇ ಎ4 ಹಾಳೆಯಲ್ಲಿ ಎಂಟು ಪುಟ ಬರುತ್ತದೆ. ಅಂಟು, ಸ್ಟೇಪ್ಲರ್ ಯಾವುದೂ ಬೇಡ.

ಮಾಡುವ ಬಗೆ ಹೀಗೆ. ಹಾಳೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೊಮ್ಮೆ ಅರ್ಧಕ್ಕೆ ಮಡಚಿ ಬಿಚ್ಚಿ. ಎಂಟು ಮನೆಗಳು ಮೂಡುತ್ತವೆ: ಮೇಲೆ ನಾಲ್ಕು, ಕೆಳಗೆ ನಾಲ್ಕು. ಈಗ ಹಾಳೆಯ ಗಿಡ್ಡ ಅಂಚುಗಳು ಒಂದರ ಮೇಲೊಂದು ಬರುವಂತೆ ಒಂದೇ ಸಲ ಮಡಚಿ. ಮಡಿಕೆಯ ಕಡೆಯಿಂದ, ನಡುವಿನ ಅಡ್ಡಗೆರೆಯ ಮೇಲೆ, ಒಂದು ಮನೆಯ ಅಗಲದಷ್ಟು ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಟ್ಟನಡುವೆ ಎರಡು ಮನೆಯಷ್ಟು ಉದ್ದದ ಸೀಳು ಇರುತ್ತದೆ. ಈಗ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ನಡುವಿಗೆ ತಳ್ಳಿ. ಸೀಳು ಬಾಯಿ ತೆರೆದು, ಮೇಲಿನಿಂದ ನೋಡಿದರೆ ಕೂಡು ಗುರುತಿನಂತೆ ನಿಲ್ಲುತ್ತದೆ. ಅದನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಪುಸ್ತಕ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಉತ್ಸಾಹದಲ್ಲಿ ಮೊದಲೇ ಬರೆದು ಆಮೇಲೆ ಮಡಚಿದರೆ ನಾಲ್ಕು ಪುಟ ತಲೆಕೆಳಗಾಗಿರುತ್ತವೆ. ಮೊದಲು ಪುಸ್ತಕ ಮಡಚಿ, ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಸಂಖ್ಯೆ ಹಾಕಿಸಿ, ನಂತರ ಬಿಚ್ಚಿ ಬರೆಯಿಸಿ. ಇಡೀ ಪುಸ್ತಕ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿಗೆ ಒಂದು ಪುಟದ ಖರ್ಚು ಅಷ್ಟೇ. ಅಂಚಿನಲ್ಲಿ ಬೆರಳಗಲ ಖಾಲಿ ಬಿಡಿಸಿ, ಇಲ್ಲದಿದ್ದರೆ ನಕಲಿನಲ್ಲಿ ಅಕ್ಷರ ತುಂಡಾಗುತ್ತದೆ. ಪೆನ್ಸಿಲ್ ಬರಹ ಮಸುಕಾಗುವುದರಿಂದ ಕೊನೆಗೆ ಕಪ್ಪು ಪೆನ್ನಿನಲ್ಲಿ ತಿದ್ದಿಸಿ.

ವಿಷಯ ಕೊಡುವಾಗ ‘ನನ್ನ ಊರು’, ‘ಪರಿಸರ’ ಎಂದು ಕೊಡಬೇಡಿ. ಅದಕ್ಕೆ ಬರುವುದು ಶಾಲೆಯ ಪ್ರಬಂಧವೇ. ಸಣ್ಣದು ಕೇಳಿ: ಎಳ್ಳಮಾವಾಸ್ಯೆಗೆ ನಿಮ್ಮ ಹೊಲಕ್ಕೆ ಯಾರ್‍ಯಾರು ಬರುತ್ತಾರೆ, ಬುತ್ತಿಯಲ್ಲಿ ಏನೇನಿರುತ್ತದೆ? ತೊಗರಿ ರಾಶಿ ಮಾಡುವ ದಿನ ಮನೆಯಲ್ಲಿ ಯಾರು ಮೊದಲು ಏಳುತ್ತಾರೆ? ಪುಣೆಗೆ, ಮುಂಬೈಗೆ ದುಡಿಯಲು ಹೋದವರ ಮನೆಯ ಕೀಲಿ ಯಾರ ಬಳಿ ಇರುತ್ತದೆ? ಈ ಮೂರನೆಯದನ್ನು ಯಾದಗಿರಿ ಕಡೆಯ ಮಕ್ಕಳಿಗೆ ಕೇಳಿ ನೋಡಿ. ಎಂಟು ಪುಟ ಸಾಲುವುದಿಲ್ಲ ಎನ್ನುತ್ತಾರೆ.

ಬರೆದದ್ದನ್ನು ಮೇಲ್ವಿಚಾರಕರ ಬಳಿ ಒಯ್ದು ಕ್ರಮಸಂಖ್ಯೆ ಹಾಕಿಸಿ. ಬೇರೆ ಪುಸ್ತಕಗಳಂತೆ ಅದನ್ನೂ ಒಬ್ಬರು ಮನೆಗೆ ಒಯ್ಯಬಹುದು, ತಿರುಗಿ ತರಬೇಕು. ತನ್ನ ಪುಸ್ತಕವನ್ನು ಪಕ್ಕದ ಓಣಿಯವರು ಒಯ್ದಿದ್ದಾರೆ ಎಂದು ತಿಳಿದ ಹುಡುಗಿ ಮುಂದಿನ ವಾರ ಗೆಳತಿಯನ್ನೂ ಕರೆತರುತ್ತಾಳೆ.

*ಆ) ಹಿರಿಯರ ಹಾಡು, ಕಥೆಗಳ ದಾಖಲೆ.* ನಮ್ಮ ಜಿಲ್ಲೆಗಳಲ್ಲಿ ಇದಕ್ಕೆ ಸರಕು ಅಪಾರ: ಬೀಸುವ ಪದ, ಸೋಬಾನೆ, ಹಂತಿ ಪದ, ಮೊಹರಂ ಪದ, ತತ್ವಪದ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಪುಸ್ತಕ ಮುಟ್ಟದ ಹಿರಿಯರು ಏಕತಾರಿ ಹಿಡಿದು ಇಂದಿಗೂ ಹಾಡುತ್ತಾರೆ. ಬೀದರಿನಲ್ಲಿ ಬಿದ್ರಿ ಕಸಬಿನವರನ್ನು ಮಾತನಾಡಿಸಬಹುದು. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೊನೆಯಲ್ಲಿ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಕಪ್ಪು ಬರಿಸುವುದನ್ನು ಅವರು ಹೇಳುವಾಗ ಮಕ್ಕಳು ಕಣ್ಣು ಮಿಟುಕಿಸುವುದಿಲ್ಲ. ಅದೇ ಊರಿನಲ್ಲಿ 1472ರ ಮಹಮೂದ್ ಗವಾನನ ಮದರಸಾ ಇದೆ. ಸುಮಾರು ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಅಲ್ಲಿತ್ತು. ಬೀದರಿನ ಬಳಗದವರು ಒಂದು ಭಾನುವಾರದ ಸಭೆಯನ್ನು ಅದರ ಅಂಗಳದಲ್ಲೇ ಸೇರಿದರೆ ಒಳ್ಳೆಯದು.

ದಾಖಲಿಸುವಾಗ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ಹಾಡು ತುಂಡಾಗುತ್ತದೆ. ಫ್ಯಾನ್ ನಿಲ್ಲಿಸಿ. ಮೊಬೈಲ್ ಹಾಡುವವರಿಂದ ಎರಡು ಗೇಣಿಗಿಂತ ದೂರ ಇರಬಾರದು. ಮೊದಲಿಗೆ ಊರು, ದಿನಾಂಕ, ಅವರು ಒಪ್ಪಿದರೆ ಹೆಸರು, ಇಷ್ಟನ್ನು ಧ್ವನಿಯಲ್ಲೇ ಸೇರಿಸಿ. ‘ಅಜ್ಜಿ, ಒಂದು ಹಾಡು ಹೇಳು’ ಎಂದರೆ ಅಜ್ಜಿ ನಾಚಿ ಸುಮ್ಮನಾಗುತ್ತಾಳೆ. ‘ನಿನ್ನ ತವರುಮನೆಯಲ್ಲಿ ಬೀಸುಕಲ್ಲು ಎಲ್ಲಿತ್ತು, ನಿನ್ನ ಎದುರು ಯಾರು ಕೂರುತ್ತಿದ್ದರು?’ ಎಂದು ಕೇಳಿ. ಹಾಡು ತಾನಾಗಿ ಬರುತ್ತದೆ.

ಎಚ್ಚರಿಕೆ ಎರಡು. ಹಾಡಿದವರ ಒಪ್ಪಿಗೆಯಿಲ್ಲದೆ ಯೂಟ್ಯೂಬಿಗೆ ಹಾಕಬೇಡಿ. ‘ಗ್ರಂಥಾಲಯದಲ್ಲಿ ಕೇಳಲು’ ಎಂಬ ಒಪ್ಪಿಗೆ ಬೇರೆ, ‘ಜಗತ್ತಿಗೆಲ್ಲ ತೋರಿಸಲು’ ಎಂಬ ಒಪ್ಪಿಗೆ ಬೇರೆ. ಎರಡನೆಯದಾಗಿ, ಅದೇ ದಿನ ಫೈಲನ್ನು ಗ್ರಂಥಾಲಯದ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಇಳಿಸಿಕೊಳ್ಳಿ. ಮೊಬೈಲ್ ಕೆಟ್ಟುಹೋದರೆ ಮತ್ತೆ ಹಾಡಿಸಬಹುದು ಎಂದುಕೊಳ್ಳಬೇಡಿ. ಎಂಬತ್ತು ದಾಟಿದವರ ವಿಷಯದಲ್ಲಿ ಆ ಭರವಸೆ ಬೇಡ.

ನಾಟಕ, ಗೋಡೆಪತ್ರಿಕೆ, ಸಿನಿಮಾ ಪ್ರದರ್ಶನ ಇವೆಲ್ಲ ಆಮೇಲೆ. ಮುದ್ರಿತ ಪುಸ್ತಕವನ್ನು ಇಡಿಯಾಗಿ ಜೆರಾಕ್ಸ್ ಮಾಡಿ ಹಂಚುವುದು ಮಾತ್ರ ಬೇಡ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ, ಅಂದರೆ ನಕಲು ಮಾಡುವ ಹಕ್ಕು, ಅವರ ವಾರಸುದಾರರದ್ದು. ಹನ್ನೆರಡನೆಯ ಶತಮಾನದ ವಚನಗಳಿಗೆ ಈ ತೊಡಕಿಲ್ಲ. ಆದರೆ ಅವುಗಳಿಗೆ ಈಚಿನವರು ಬರೆದ ವ್ಯಾಖ್ಯಾನಕ್ಕೆ ಇದೆ.

5. ಹೊತ್ತು ಮತ್ತು ಕಾಲ ನೋಡಿ

ಬೆಂಗಳೂರಿನವರ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಬೇಸಿಗೆ ಶಿಬಿರವನ್ನು ಬೆಳಿಗ್ಗೆ ಏಳೂವರೆಗೆ ಆರಂಭಿಸಿ ಹತ್ತಕ್ಕೆ ಮುಗಿಸಿ. ಫೆಬ್ರುವರಿ, ಮಾರ್ಚ್‌ನಲ್ಲಿ ಪರೀಕ್ಷೆ, ಹೊಸದೇನೂ ಬೇಡ. ತೊಗರಿ ಕೊಯ್ಲು, ಹತ್ತಿ ಬಿಡಿಸುವ ದಿನಗಳಲ್ಲಿ ಹಾಜರಾತಿ ಅರ್ಧಕ್ಕಿಳಿಯುತ್ತದೆ. ಅದನ್ನು ಸೋಲೆಂದು ಎಣಿಸಬೇಡಿ. ಹೊಸ ಬಳಗಕ್ಕೆ ಜೂನ್ ಕೊನೆ ಅಥವಾ ಜುಲೈ ಒಳ್ಳೆಯ ಕಾಲ. ಆಗ ಆರಂಭಿಸಿದರೆ ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹದ ಹೊತ್ತಿಗೆ ಜನರ ಮುಂದೆ ಇಡಲು ನಿಮ್ಮ ಬಳಿ ಏನಾದರೂ ಇರುತ್ತದೆ.

ಉದ್ಘಾಟನೆಯಿಂದ ಆರಂಭಿಸಬೇಡಿ. ಗಣ್ಯರನ್ನು ಕರೆಯಲೇಬೇಕಿದ್ದರೆ ಆ ಸಪ್ತಾಹದಲ್ಲಿ ಕರೆಯಿರಿ, ಮಕ್ಕಳ ಪುಸ್ತಕವೊಂದನ್ನು ಅವರಿಂದ ಜೋರಾಗಿ ಓದಿಸಿ.

6. ಬಾರದವರ ಬಳಿಗೆ ನೀವೇ ಹೋಗಿ

ಔಟ್‌ರೀಚ್ ಎಂದು ಇಲಾಖೆಯವರು ಹೇಳುವುದು ಇದನ್ನೇ: ಗ್ರಂಥಾಲಯವೇ ಜನರಿರುವಲ್ಲಿಗೆ ಹೋಗುವುದು. ಎಲ್ಲ ಹಂತಗಳಿಗಿಂತ ಇದು ಕಷ್ಟ, ಬಹಳಷ್ಟು ಬಳಗಗಳು ಕೈಬಿಡುವುದೂ ಇದನ್ನೇ.

ಗ್ರಂಥಾಲಯ ಎಲ್ಲಿದೆ ನೋಡಿ. ಪಂಚಾಯಿತಿ ಪಕ್ಕದಲ್ಲಿ, ಬಸ್ ನಿಲ್ದಾಣದ ಹತ್ತಿರ, ಗಂಡಸರು ಕುಳಿತು ಹರಟೆ ಹೊಡೆಯುವ ಕಟ್ಟೆಯ ಎದುರು. ಹದಿನಾರರ ಹುಡುಗಿ ಆ ಕಟ್ಟೆಯನ್ನು ದಾಟಿ ಬರಬೇಕು. ‘ಹುಡುಗಿಯರಿಗೆ ಆಸಕ್ತಿಯಿಲ್ಲ’ ಎಂದು ತೀರ್ಮಾನಿಸುವ ಮೊದಲು ಆ ದಾರಿಯಲ್ಲಿ ಒಮ್ಮೆ ಅವರ ಕಣ್ಣಿನಿಂದ ನಡೆದು ನೋಡಿ. ಬಳಗದ ಹೆಣ್ಣುಮಗಳು ಓಣಿಗೆ ಹೋಗಿ ತಾಯಂದಿರನ್ನು ಕಂಡು, ಏನು ಮಾಡುತ್ತೇವೆ, ಎಷ್ಟು ಹೊತ್ತಿಗೆ ಬಿಡುತ್ತೇವೆ ಎಂದು ಹೇಳಬೇಕು. ಹೇಳಿದ ಹೊತ್ತಿಗೇ ಬಿಡಬೇಕು. ಹುಡುಗಿಯರು ಗುಂಪಾಗಿ ಬಂದು ಗುಂಪಾಗಿ ಹೋಗಲಿ, ಹೊತ್ತು ಮುಳುಗುವ ಮುಂಚೆ.

ತಾಂಡಾಗಳು ಸಾಮಾನ್ಯವಾಗಿ ಊರಿನಿಂದ ದೂರ. ಅಲ್ಲಿನ ಮಕ್ಕಳು ನಡೆದು ಬರಲಿ ಎಂದು ಕಾಯುವ ಬದಲು ತಿಂಗಳಿಗೆ ಎರಡು ಸಲ ಒಂದು ಚೀಲದಲ್ಲಿ ಮೂವತ್ತು ಪುಸ್ತಕ ತುಂಬಿಕೊಂಡು ಸೇವಾಲಾಲ್ ಗುಡಿಯ ಕಟ್ಟೆಗೆ ಹೋಗಿ. ಪುಸ್ತಕ ಒಯ್ಯಲು ಮೇಲ್ವಿಚಾರಕರ ಸಹಿ ಬೇಕು. ಹೊರಡುವಾಗ, ಬಂದಾಗ ಎರಡೂ ಸಲ ಎಣಿಸಿ.

ಭಾಷೆಯ ವಿಷಯಕ್ಕೆ ಹೆದರಬೇಡಿ. ಕಲಬುರಗಿಯ ಓಣಿಗಳಲ್ಲಿ ದಖ್ಖನಿ ಉರ್ದು, ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್ ಗಡಿಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ಮಗು ತನ್ನ ಮನೆಮಾತಿನಲ್ಲಿ ಕಥೆ ಹೇಳಲಿ, ಇನ್ನೊಬ್ಬರು ಕನ್ನಡದಲ್ಲಿ ಬರೆಯಲಿ. ಕಿರುಪುಸ್ತಿಕೆಯ ಎಡಪುಟ ಉರ್ದು, ಬಲಪುಟ ಕನ್ನಡ ಇರಬಹುದು. ಉರ್ದು ಶಾಲೆಯ ಮಕ್ಕಳನ್ನು ಬಳಗಕ್ಕೆ ತರಲು ಇದಕ್ಕಿಂತ ಒಳ್ಳೆಯ ಆಮಂತ್ರಣ ಪತ್ರ ನನಗೆ ತೋಚಿಲ್ಲ.

ಇನ್ನೊಂದು ಮಾತು. ದಯವಿಟ್ಟು ಸ್ಪರ್ಧೆ ಇಡಬೇಡಿ. ಪ್ರಬಂಧ ಸ್ಪರ್ಧೆ ಇಟ್ಟರೆ ಗೆಲ್ಲುವುದು ಶಾಲೆಯಲ್ಲಿ ಗೆಲ್ಲುವ ಅದೇ ಮೂವರು. ಉಳಿದವರು ಚಪ್ಪಾಳೆ ತಟ್ಟಲು ಒಮ್ಮೆ ಬರುತ್ತಾರೆ, ಮತ್ತೆ ಬರುವುದಿಲ್ಲ.

7. ಮಕ್ಕಳ ಸುರಕ್ಷತೆಯ ನಿಯಮ ಬರೆದಿಡಿ

ಇದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಒಂದು ಮಗುವಿನ ಜೊತೆ ಕೂರುವಂತಿಲ್ಲ, ಅವರು ಎಷ್ಟೇ ಬೇಕಾದವರಾಗಿರಲಿ. 18ರೊಳಗಿನವರ ಫೋಟೊ ತೆಗೆಯಲು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ಹುಡುಗಿಯರ ಮೊಬೈಲ್ ಸಂಖ್ಯೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬೇಡಿ, ಪೋಷಕರ ಸಂಖ್ಯೆ ಸಾಕು. ಮಕ್ಕಳ ಸಹಾಯವಾಣಿ 1098 ಅನ್ನು ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆದು ಅಂಟಿಸಿ. ಮಗುವೊಂದು ತನಗಾದ ತೊಂದರೆ ಹೇಳಿಕೊಂಡರೆ ಊರಿನ ಪಂಚಾಯ್ತಿಗೆ ಒಯ್ದು ರಾಜಿ ಮಾಡಿಸಲು ಹೋಗಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ.

8. ದುಡ್ಡಿನ ಮಾತು

ಮೊದಲ ಮೂರು ತಿಂಗಳಿಗೆ ಹಾಳೆ, ಜೆರಾಕ್ಸ್ ಬಿಟ್ಟರೆ ಖರ್ಚಿಲ್ಲ. ಚಂದಾ ಎತ್ತಬೇಡಿ. ಐವತ್ತು ರೂಪಾಯಿ ಕೊಟ್ಟವರು ಐದು ಸಾವಿರದ ಲೆಕ್ಕ ಕೇಳುತ್ತಾರೆ. ಹಾಳೆಯ ಕಟ್ಟು, ಪೆನ್ನಿನ ಡಬ್ಬಿ ಎಂದು ವಸ್ತುರೂಪದಲ್ಲಿ ಪಡೆಯಿರಿ.

ಆಮೇಲೆ ಸರಿಯಾದ ಬಾಗಿಲು ತಟ್ಟಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ, ಕಟ್ಟಡದ ತೆರಿಗೆಯ ಪ್ರತಿ ರೂಪಾಯಿಯ ಮೇಲೆ ಆರು ಪೈಸೆ ಗ್ರಂಥಾಲಯ ಕರ ಸೇರಿರುತ್ತದೆ. ಅಂದರೆ ನಿಮ್ಮ ಮನೆಯವರು ಈ ಹಣವನ್ನು ಈಗಾಗಲೇ ಕೊಡುತ್ತಿದ್ದಾರೆ. ತೆರಿಗೆ ರಸೀದಿ ತೆಗೆದು ನೋಡಿ. ಗ್ರಾಮ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ಕಳೆದ ವರ್ಷ ಗ್ರಂಥಾಲಯ ಕರ ಎಷ್ಟು ಸಂಗ್ರಹವಾಯಿತು? ಯಾವುದಕ್ಕೆ ಖರ್ಚಾಯಿತು? ಜಗಳದ ಧ್ವನಿ ಬೇಡ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಆದರೆ ಅದನ್ನು ಮೊದಲ ಅಸ್ತ್ರ ಮಾಡಿಕೊಂಡರೆ ನಾಳೆ ಗ್ರಂಥಾಲಯದ ಬಾಗಿಲು ತೆರೆಯುವವರ ಮುಖ ಬಿಗಿದಿರುತ್ತದೆ.

9. ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯಿರಿ

ಪ್ರತಿ ಸಭೆಯ ಕೊನೆಗೆ ನಾಲ್ಕು ಸಾಲು: ದಿನಾಂಕ, ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಏನು ಮಾಡಿದೆವು, ಅದಕ್ಕೆ ಯಾವ ಕ್ರಮಸಂಖ್ಯೆ ಬಿತ್ತು, ಮುಂದಿನ ವಾರದ ಹೊಣೆ ಯಾರದು. ಕೊನೆಯ ಸಾಲಿನಲ್ಲಿ ಪ್ರತಿ ಸಲ ನಿಮ್ಮ ಹೆಸರೇ ಬರುತ್ತಿದ್ದರೆ ಕೆಲಸ ಹಂಚಿಕೆಯಾಗಿಲ್ಲ ಎಂದು ತಿಳಿಯಿರಿ. ಎರಡನೇ ತಿಂಗಳಿಂದ ಹತ್ತನೇ ತರಗತಿ ದಾಟಿದ ಒಬ್ಬ ಹುಡುಗಿಗೆ, ಒಬ್ಬ ಹುಡುಗನಿಗೆ ಸಭೆ ನಡೆಸಲು ಬಿಟ್ಟು ನೀವು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ನಿಮಗೆ ಕೆಲಸ ಸಿಕ್ಕಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ದಿನ ಬಂದೇ ಬರುತ್ತದೆ.

ಮೂರು ತಿಂಗಳಾದ ಮೇಲೆ ಈ ನೋಟ್‌ಬುಕ್ಕನ್ನೂ ಕಿರುಪುಸ್ತಿಕೆಗಳನ್ನೂ ಪಿಡಿಒ ಅವರ ಮೇಜಿನ ಮೇಲಿಟ್ಟು, ಮುಂದಿನ ಅವಧಿಗೆ ಹೊಸ ಅರ್ಜಿ ಕೊಡಿ. ಹಣ ಮಂಜೂರಾದರೆ ಬ್ಯಾನರ್, ಧ್ವನಿವರ್ಧಕದ ಮೋಹಕ್ಕೆ ಬೀಳಬೇಡಿ. ಮೊದಲು ಕೊಳ್ಳಬೇಕಾದದ್ದು ಮೊಂಡು ತುದಿಯ ಹತ್ತು ಕತ್ತರಿ, ಒಂದು ಪೆನ್‌ಡ್ರೈವ್, ಶೌಚಾಲಯದ ಬಾಗಿಲಿಗೆ ಗಟ್ಟಿಯಾದ ಒಳಚಿಲಕ.